ಎರಡನೇ ಗೇರು

ನಸುಕಿನ ಥಂಡ್ಯಾಗ, ಇಂಡಿ ಬಿಟ್ಟು ಅಥರ್ಗಾ ಬರೂತನಕ
ಎರಡನೇ ಗೇರು ಬೀಳತಿರಲಿಲ್ಲ.
ಕರ್ರ್ ಅಂತ ಹಲ್ಲು ಕಡೀತಿತ್ತು,
ಹಿಂದ ಲಿಂಬಿ ಚೀಲ ಬೆಚ್ಚಿ ಬೀಳತಿದ್ವು.

ಸಣ್ಣ ಬಾಟ್ಲಿ ಕೊಂಡೆ, ಮುನ್ನೂರಾ ನಲವತ್ತು.
"ಎಣ್ಣ್ಯಾಗ ಬೆರಸ್ರಿ, ಬೆಣ್ಣ್ಯಾಗ ಚಾಕು ಇಳದಂಗ."

ಲಾಳೇಸಾಬ ಬಾಟ್ಲಿ ಅಲುಗಿಸಿ ನೋಡಿದ, ನಕ್ಕ.
ಮೊದಲ ತಳದ ಬೋಲ್ಟ್ ಬಿಚ್ಚಿದ.
ಹಳೇ ಎಣ್ಣಿ ನಿಧಾನ ಇಳೀತು, ಕಾಕಂಬಿ ಹಂಗ.
ಅಂಗೈಯಾಗ ಹಿಡದು ಬಿಸಿಲಿಗೆ ತೋರಿಸಿದ:
ಹಿತ್ತಾಳಿ ಪುಡಿ,
ಬಂಗಾರದಂಗಡಿ ಕಸ ಗುಡಿಸಿದಂಗ.

"ಭಾಳ ಜಾರಿದ್ರೂ ಬೀಳಂಗಿಲ್ಲ, ಮಾಳಪ್ಪಾ.
ಒಳಗಿನ ರಿಂಗು ಚೂರು ಹಿಡೀಬೇಕು,
ಹಿಡದು ಬಿಡಬೇಕು."
ಹೊಸಾ ಎಣ್ಣಿ ಹಾಕಿ, ಮ್ಯಾಲ ಅರ್ಧ ಬಾಟ್ಲಿ.
ಉಳಿದರ್ಧ ನನ್ನ ಕಿಸೇಕ್ಕ.

ಕೈ ಒರಸಿಗೋತ ಗೇರಿನ ಗುಂಡು ನೋಡಿದ.
ಹನ್ನೊಂದು ವರ್ಷ ನನ್ನ ಎಡಗೈ ಕೂತು ಕೂತು
ಅದರ ಮ್ಯಾಲಿನ ಅಂಕಿ ಅಳಸಿ ಹೋಗಿದ್ವು.
"ಈ ಭಾರ ಒಳಗ ಹೋಗತೈತಿ," ಅಂದ,
"ಇದಕ್ಕ ಬಾಟ್ಲಿ ಬಂದಿಲ್ಲ ಇನ್ನಾ."

ಮರುದಿನ ಎರಡನೇದು ಬಿತ್ತು,
ಸಪ್ಪಳಿಲ್ಲ, ಬಿತ್ತೋ ಇಲ್ಲೋ ಅಂತ ನಾನೇ ಅನುಮಾನಿಸಿದೆ.
ಎಡಗೈ ಮತ್ತ ಅಲ್ಲೇ ಹೊಂಟಿತ್ತು.

ಸೀಟಿನ ಮ್ಯಾಲ ಉಳ್ಳಾಡತಿದ್ದ ಲಿಂಬಿಹಣ್ಣು
ಅದರ ಮುಷ್ಟ್ಯಾಗ ಕೊಟ್ಟೆ.