ಹಗ್ಗ ಎಸೆಯುವವಳು

ಕೊಕೊಮೆರೆನ್ ಹೊಳೆ ತಿರುಗುವಲ್ಲಿ
ಒಂದು ಕರಿಬಂಡೆ. ಅದರ ಮೇಲೆ ನನ್ನ ಕೆಲಸ:
ನಿಲ್ಲುವುದು.
ಕೈಯಲ್ಲಿ ಕಿತ್ತಳೆ ಬಣ್ಣದ ಚೀಲ, ಚೀಲದೊಳಗೆ
ಇಪ್ಪತ್ತು ಮೀಟರ್ ಹಗ್ಗ.

ಮೇಲಿನಿಂದ ರಾಫ್ಟು ಬರುವಾಗ ಮೊದಲು ಕೂಗು,
ಆಮೇಲೆ ಹೆಲ್ಮೆಟ್ಟುಗಳು. ಎಣಿಸುತ್ತೇನೆ.
ಏಳು. ನೊರೆಯೊಳಗೆ ಇಳಿದು ಎದ್ದಾಗ ಮತ್ತೆ ಏಳು.
ಸರಿ.
ದೂರದಿಂದ ಬಂದವರು ನನ್ನ ಫೋಟೊ ತೆಗೆಯುತ್ತಾರೆ:
ಬಂಡೆ, ಹುಡುಗಿ, ಹಿಂದೆ ಹಿಮದ ಬೆಟ್ಟ.
ಹಗ್ಗ ಯಾರ ಫೋಟೊದಲ್ಲೂ ಇರುವುದಿಲ್ಲ.

ತಾತ ತೊಲೊಗೊನ್ ಕುದುರೆ ಹಿಡಿಯುತ್ತಿದ್ದವನು,
ಕುದುರೆಯ ಕೂದಲಲ್ಲೇ ಹೊಸೆದ ಹಗ್ಗದಿಂದ.
'ಕುದುರೆ ಇರುವಲ್ಲಿಗೆ ಎಸೆಯಬೇಡ ಬುರುಲ್ಚಾ,
ಅದು ಬರಲಿರುವಲ್ಲಿಗೆ ಎಸೆ' ಅನ್ನುತ್ತಿದ್ದ.
ಹೊಳೆಗೆ ಬೆನ್ನು ಹಾಕಿಯೇ ಚಹಾ ಕುಡಿಯುತ್ತಿದ್ದ.
ಅವನ ಎರಡು ಮರಿಗಳನ್ನು ಒಯ್ದಿತ್ತದು;
ಲೆಕ್ಕ ಮರೆಯುವ ಮನುಷ್ಯನಲ್ಲ.

ಜೂನ್ ಕೊನೆ. ಹಿಮ ಕರಗಿ ನೀರಿಗೆ
ಸಿಮೆಂಟು ಕಲಸಿದ ಬಣ್ಣ.
ರಾಫ್ಟು ಮಗುಚಿತು, ಕಾವಲಿಯ ಮೇಲೆ
ರೊಟ್ಟಿ ಮಗುಚಿದಷ್ಟು ಸಲೀಸಾಗಿ.
ಐದು ಹೆಲ್ಮೆಟ್ಟು ಅದಕ್ಕೇ ಆತುಕೊಂಡವು.
ಉಳಿದದ್ದು ಎರಡು.
ಒಂದು ಹಳದಿ: ಯಾರೋ ದಂತವೈದ್ಯ,
ಬೆಳಿಗ್ಗೆ ನನ್ನಿಂದ ಉಪ್ಪು ಈಸಿಕೊಂಡವನು.
ಒಂದು ಕೆಂಪು. ನನ್ನ ತಮ್ಮ ಕುಬಾತ್.

ಹಗ್ಗ ಒಂದೇ.
ಚೀಲ ಕೈಬಿಟ್ಟಿತ್ತು, ನಾನು ತೀರ್ಮಾನಿಸುವ ಮೊದಲೇ,
ಅಥವಾ ತೀರ್ಮಾನಿಸಿದ ಮೇಲೆ. ಯಾವುದೆಂದು
ಯಾರೂ ಕೇಳಿಲ್ಲ. ಕೇಳಿದರೆ ಗೊತ್ತಿಲ್ಲ.
ಹಳದಿ ಹಿಡಿದುಕೊಂಡಿತು. ಕಾಲೂರಿ ಕೂತೆ,
ಹಗ್ಗದ ತುದಿ ಮುಷ್ಟಿಯ ಚರ್ಮ ಸುಲಿಯಿತು.
ಕೆಂಪು, ಕಲಿಸಿದ ಹಾಗೇ ಅಂಗಾತ ಮಲಗಿ, ಕಾಲು ಮುಂದಾಗಿ,
ಬಂಡೆ ದಾಟುವಾಗ ಒಮ್ಮೆ ನನ್ನತ್ತ ನೋಡಿತು.
ತಿರುವು. ಆಮೇಲೆ ಬರೇ ನೀರು.

ಒಂದು ಗಂಟೆ ಹತ್ತು ನಿಮಿಷ.
ರಸ್ತೆಯಲ್ಲಿ ನಡೆದು ಬಂದ, ಒಂದೇ ಬೂಟು,
ಯಾರದೋ ಕುರಿಹಿಂಡಿನ ನಡುವೆ,
ಗದ್ದ ಸೀಳಿತ್ತು. 'ರೊಟ್ಟಿ ಇದೆಯಾ ಅಕ್ಕಾ?'
ದಂತವೈದ್ಯ ಅಳುತ್ತಲೇ ಅವನ ಬಾಯಿ ತೆರೆಸಿ
ಹಲ್ಲು ಎಣಿಸಿದ.
ಎಲ್ಲ ಇದ್ದವು.

ಹಸಿ ಹಗ್ಗವನ್ನು ಸುತ್ತಿಡಬಾರದು. ಸುತ್ತಿದರೆ
ಬೇಕಾದಾಗ ಸಿಕ್ಕುಬೀಳುತ್ತದೆ. ಹಿಡಿಹಿಡಿಯಾಗಿ,
ಬಂದ ಹಾಗೆ, ಚೀಲಕ್ಕೆ ತುರುಕಬೇಕು.
ಆ ರಾತ್ರಿ ಕುಬಾತ್ ಎದುರು ಕೂತು
ಚೀಲದ ಬಾಯಿ ಅಗಲಿಸಿ ಹಿಡಿದ.
ಇಪ್ಪತ್ತು ಮೀಟರ್ ಮುಗಿಯುವ ತನಕ ನಾವು ಮಾತಾಡಿದ್ದು
ಹೊಸ ಬೂಟಿಗೆ ಎಷ್ಟಾಗಬಹುದು ಎಂದು,
ಅಷ್ಟೇ.