ತಕ್ಕಡಿ ನಂಬರ್ ಮೂರು

ಮನಾಮದ ಈ ಮಾಂಸದ ಕೌಂಟರಿನಲ್ಲಿ
ನನ್ನ ಕೆಲಸ ಕೊಯ್ಯುವುದಲ್ಲ, ಹೆಸರು ಅಂಟಿಸುವುದು.
ಮೊಫಿಜುಲ್ ಕೊಯ್ದು ತೂಕಕ್ಕಿಡುತ್ತಾನೆ,
ನಾನು ಗುಂಡಿ ಒತ್ತುತ್ತೇನೆ,
ಯಂತ್ರ ಬಿಳಿ ನಾಲಿಗೆ ಚಾಚುತ್ತದೆ,
ಅದರ ಮೇಲೆ ಎರಡು ಭಾಷೆ, ಕೆಳಗೆ ದಿನಾರು.

ಹದಿನೇಳು ಒತ್ತಿದರೆ ಮಟನ್.
ಕುರಿಗೆ ಗುಂಡಿ ಇಲ್ಲ.
ಇಂಗ್ಲಿಷಿನಲ್ಲಿ ಸಾಯುವ ಪ್ರಾಣಿ
ಹೆಸರನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತದೆ,
ಚಪ್ಪಲಿ ಬಿಟ್ಟ ಹಾಗೆ.
ಅರಬಿಯಲ್ಲಿ ಲಹಮ್, ಅದರ ಬೆನ್ನಿಗೆ ಗನಮ್:
ಮಾಂಸ ಮುಂದೆ, ಕುರಿ ಹಿಂದೆ.
ನಮ್ಮಲ್ಲಿ ಕುರಿಯೇ ಮುಂದೆ ನಡೆಯುತ್ತದೆ,
ಬಾಡು ಅದರ ನೆರಳಿನಂತೆ.
ಬಾಡು. ಹೂವಿಗೂ ಅದೇ ಮಾತು.

ಲಾಹೋರಿನ ಡ್ರೈವರು ಪ್ರಾಣಿಯ ಸುದ್ದಿಯೇ ಎತ್ತುವುದಿಲ್ಲ.
"ಛೋಟಾ ಎರಡು ಕಿಲೋ, ಬಡಾ ಒಂದು."
ಚಿಕ್ಕದು, ದೊಡ್ಡದು,
ಬೀದಿಯಲ್ಲಿ ಆಡುವ ಮಕ್ಕಳನ್ನು ಊಟಕ್ಕೆ ಕರೆದಂತೆ.
ಮೊಫಿಜುಲ್‌ಗೆ ಅದು ಖಾಶಿ:
ಹೋತದ ಬೀಜ ಒಡೆದ ಸಂಗತಿ ಹೆಸರಿನಲ್ಲೇ ಇದೆ,
ಬಂಗಾಳಿಗೆ ಮುಚ್ಚುಮರೆಯಿಲ್ಲ.

ಫ್ರೀಜರಿನೊಳಗಿನ ರಟ್ಟಿನ ಪೆಟ್ಟಿಗೆಗೆ ಹಿಂದಿ ಎಂದು ಕರೆಯುತ್ತಾರೆ.
ನಮ್ಮ ದೇಶದ ಎಮ್ಮೆ ಅದು, ಹಡಗು ಹತ್ತಿ ಬೀಫ್ ಆಗಿದೆ.
ಅಲ್ಲಿದ್ದಾಗ ಒಬ್ಬರೂ ಅದನ್ನು ತಾಯಿ ಎನ್ನಲಿಲ್ಲ,
ಇಲ್ಲಿ ಸತ್ತು ಬಂದಮೇಲೆ
ಹಸುವಿನ ಸಾಲಿನಲ್ಲಿ ಜಾಗ ಸಿಕ್ಕಿದೆ.
ನನ್ನನ್ನೂ ಹಿಂದಿ ಎನ್ನುತ್ತಾರೆ,
ಶಾಲೆಯಲ್ಲಿ ಆ ಭಾಷೆಗೆ ಮೂವತ್ತೈದು ತಗೊಂಡು ದಾಟಿದವನನ್ನು.
"ಯಾ ಹಿಂದಿ!"
ಇಬ್ಬರೂ ತಿರುಗಿ ನೋಡುತ್ತೇವೆ.
ಎಮ್ಮೆ ಸ್ವಲ್ಪ ತಡವಾಗಿ.

ಹಿಂದಿನ ಕೋಣೆಗೆ ಬೇರೆ ಬಾಗಿಲು.
ಅದರ ಮೇಲೆ ಪ್ರಾಣಿಯ ಹೆಸರಿಲ್ಲ, ತಿನ್ನುವವರದಿದೆ:
ಮುಸ್ಲಿಮೇತರರಿಗೆ.
ಒಳಗಿರುವ ರೊವೆನಾ ಹೇಳುತ್ತಾಳೆ,
"ನಮ್ಮಲ್ಲಿ ಕೆಸರಿನಲ್ಲೂ ಬಾಬೊಯ್, ಬಾಣಲೆಯಲ್ಲೂ ಬಾಬೊಯ್.
ಸತ್ತವರ ಹೆಸರು ಯಾಕೆ ಕಿತ್ತುಕೊಳ್ಳಬೇಕು?"

ಯಲಬುರ್ಗಿ ಕಡೆಯ ಎರೆಹೊಲದಲ್ಲಿ
ಆಯಿ ಹಿಂಡಿನಲ್ಲಿ ನಾಲ್ಕಕ್ಕೋ ಐದಕ್ಕೋ ಹೆಸರಿಡುತ್ತಿದ್ದಳು:
ಕರಿಕಿವಿ, ಚುಕ್ಕಿ,
ತಲೆ ತಗ್ಗಿಸಿ ಏನೋ ಲೆಕ್ಕ ಹಾಕುತ್ತ ನಡೆಯುವ ಶಾನುಭೋಗ.
"ಹೆಸರಿಟ್ಟ ಮರಿ ಕೊಯ್ಯಾಕ ಬರಂಗಿಲ್ಲ" ಅನ್ನುತ್ತಿದ್ದಳು.
ಉಳಿದವು ಬರೀ ಟಗರು, ಹೋತ, ಮರಿ.
ಸಂತೆಯ ದಿನ ಅವುಗಳ ಕಡೆ ನೋಡದೆ
ಕಂಬಳಿ ಕೊಡವುತ್ತಿದ್ದಳು.

ನಿನ್ನೆ ಒಬ್ಬಳು ಬಂದಳು, ಹೊಸದಾಗಿ ಮನೆಗೆಲಸಕ್ಕೆ ಬಂದವಳು,
ಯಾವ ದೇಶವೋ, ಅವಳ ಮಾತು ನಮ್ಮ ಆರು ಭಾಷೆಗೂ ಸಿಗಲಿಲ್ಲ.
ಗಾಜಿನೊಳಗೆ ಕೆಂಪಗೆ ಎಲ್ಲವೂ ಒಂದೇ ಥರ.
ಕೊನೆಗೆ ಎರಡು ಬೆರಳು ತಲೆಗಿಟ್ಟುಕೊಂಡು,
ಸಾಲಿನಲ್ಲಿ ನಿಂತವರ ಕಡೆ ಒಮ್ಮೆ ನೋಡಿ,
"ಮ್ಯಾ" ಎಂದಳು.
ನಗು ಬಿತ್ತು. ಡ್ರೈವರೂ ನಕ್ಕ.
ಆದರೆ ಕೊಕ್ಕೆಗಳ ಕೆಳಗೆ ಆ ದನಿ ಎದ್ದದ್ದು
ವರ್ಷ ಆರರಲ್ಲಿ ಇದೇ ಮೊದಲು.
ನನ್ನ ಬಾಯಿ ನನ್ನನ್ನು ಕೇಳದೆ
"ಬ್ರ್‌ರ್‌ರ್, ಬಾ ಬಾ ಬಾ" ಎಂದಿತು,
ಸಂಜೆ ಹಟ್ಟಿಗೆ ಕರೆಯುವ ಕೂಗು.
ಮೊಫಿಜುಲ್ ಕತ್ತಿ ಕೆಳಗಿಟ್ಟು ಒರೆಸಿಕೊಂಡ.
ಆಮೇಲೆ ಮುಕ್ಕಾಲು ಕಿಲೋ.
ಹದಿನೇಳು ಒತ್ತಿದೆ.

ರಾತ್ರಿ ಫೋನಿನಲ್ಲಿ ಆಯಿ, ಕಿವಿ ಮಂದ, ದನಿ ಜೋರು:
"ಅಲ್ಲೇನ್ ಕೆಲ್ಸ ಮಾಡ್ತಿಯೋ?"
"ಕುರಿ ನೋಡ್ಕೊಂತೀನಿ, ಆಯಿ."
"ಎಷ್ಟ್ ಅದಾವ?"
ಮುಚ್ಚುವಾಗ ಕೊಕ್ಕೆಯಲ್ಲಿ ಹನ್ನೊಂದಿದ್ದವು.
"ಹನ್ನೊಂದು."
"ಹೆಸರಿಟ್ಟಿಯೇನ?"

"ಇಟ್ಟಾರ, ಆಯಿ," ಎಂದೆ.
"ಬ್ಯಾರೆಯವ್ರು ಇಟ್ಟಾರ."