ಮನೆ ಸಂಖ್ಯೆ ಮೂವತ್ತೆಂಟು

ಕೌಂಟಿ ಕಚೇರಿ ಕೊಟ್ಟದ್ದು ಒಂದು ಟೇಪು, ಒಂದು ಟಾರ್ಚು.
ನೂರು ವರ್ಷ ದಾಟಿದ ಮನೆಗಳನ್ನೆಲ್ಲ ಬರೆದುಕೊಂಡು ಬಾ
ಅಂದರು. ನೆಲಹಲಗೆಯಡಿ ಹಾವಿರುತ್ತವೆ
ಅಂತ ಹೇಳಲಿಲ್ಲ.

ವರ್ಲಿನ್ ಸ್ಟಾಂಪರನ ಮನೆ ಹೊರಗಿಂದ ಬಿಳಿ ಪ್ಲಾಸ್ಟಿಕ್ಕು.
ಒಂದು ಪಟ್ಟಿ ಕಿತ್ತರೆ ಬಣ್ಣ ಸುಲಿದ ಹಲಗೆ,
ಹಲಗೆಯ ಹಿಂದೆ ಹಂದಿಗೂದಲು ಕಲಸಿದ ಮಣ್ಣು,
ಮಣ್ಣಿನ ನಡುವೆ
ಕೊಡಲಿ ಈಗಷ್ಟೆ ಎತ್ತಿದಂಥ ಕಚ್ಚುಗಳ
ಚೆಸ್ಟ್‌ನಟ್ ದಿಮ್ಮಿ.
ವರ್ಲಿನ್ ಕೈಯಿಟ್ಟ, ತೆಗೆಯಲಿಲ್ಲ.
‘ಎಪ್ಪತ್ತು ವರ್ಷ ಇದಕ್ಕೇ ಬೆನ್ನು ಕೊಟ್ಟು ಮಲಗಿದ್ದೇನಲ್ಲ.’

ರಾತ್ರಿ ಗಣತಿ ಪುಸ್ತಕ ತೆರೆದೆ. ಸಾವಿರದೆಂಟುನೂರ ಎಪ್ಪತ್ತು.
ಮನೆ ಸಂಖ್ಯೆ ಮೂವತ್ತೆಂಟು:
ಅಬ್ನರ್, ಹೆಂಡತಿ ಥರ್ಜಾ, ಸಾಲಾಗಿ ಏಳು ಮಕ್ಕಳು,
ಒಬ್ಬ ಗಾಡಿಯಾಳು, ಕೊನೆಗೆ
‘ಹೆಸರಿಡದ ಹೆಣ್ಣು, ವಯಸ್ಸು ಹನ್ನೆರಡರಲ್ಲೊಂದು ಪಾಲು.’
ಕೋಣೆ ಎಷ್ಟೆಂದು ಆಗ ಯಾರೂ ಕೇಳಿಲ್ಲ. ಅಳೆದವಳು ನಾನು:
ಹದಿನಾರಡಿಗೆ ಹದಿನೆಂಟು,
ಮೇಲೆ ತಲೆಯೆತ್ತಲಾಗದ ಅಟ್ಟ.

ಈಗ ಜನ ಬರುತ್ತಿದ್ದಾರೆ. ಹೆದ್ದಾರಿ ಬಂತು, ಕೋಳಿ ಕಾರ್ಖಾನೆ ಬಂತು,
ಹತ್ತು ವರ್ಷಕ್ಕೆ ನೂರರ ಮೇಲೆ ಮೂವತ್ತು.
ಮೆಕ್ಕೆಜೋಳದ ಹೊಲದಲ್ಲಿ ಒಂದೇ ಮುಖದ ನಲವತ್ತು ಮನೆ,
ಬೀದಿಯ ಹೆಸರು ಚೆಸ್ಟ್‌ನಟ್ ಲೇನ್.
ಮರ ಒಂದೂ ಇಲ್ಲ,
ನನ್ನಜ್ಜನ ಕಾಲಕ್ಕೇ ರೋಗ ಬಂದು ಹೋದವು.

ಮಂಗಳವಾರ ಸಭೆ. ಮೊದಲ ವಿಷಯ,
ಸ್ಟಾಂಪರ್ ಮನೆಗೆ ಕಂಚಿನ ಫಲಕ. ಎಲ್ಲರ ಕೈ ಮೇಲೆ.
ಎರಡನೆಯದು,
ಕಾರ್ಖಾನೆ ಹಿಂದಿನ ಟ್ರೈಲರಿನಲ್ಲಿ ಎವೆಲಿಯೊ ಶೊಲ್ ಸಂಸಾರ,
ತಲೆ ಹನ್ನೊಂದು. ನಿಯಮ ಮೀರಿದೆ, ತೆರವು ಮಾಡಿಸಬೇಕು.

ಮಾತು ಬಲ್ಲವಳಲ್ಲ ನಾನು.
ಎದ್ದು ಎಪ್ಪತ್ತರ ಪುಟ ಓದಿದೆ, ಹೆಸರು ಹೆಸರಾಗಿ,
ಹೆಸರಿಲ್ಲದ ಕೂಸಿನ ತನಕ.
ಯಾರೋ ಕುರ್ಚಿ ಎಳೆದರು. ಅಧ್ಯಕ್ಷೆ ಗಡಿಯಾರ ನೋಡಿದರು.
ಹಿಂದಿನ ಸಾಲಿನಿಂದ ವರ್ಲಿನ್,
‘ಆ ಕೂಸು ನಮ್ಮ ಮುತ್ತಜ್ಜಿ. ಆಮೇಲೆ ಇಟ್ಟರು ಹೆಸರು. ಡೆಲ್ಫಿ.’
ವಿಷಯ ಮುಂದಿನ ತಿಂಗಳಿಗೆ ಹೋಯಿತು, ಅಷ್ಟೆ.

ಬರುವ ದಾರಿಯಲ್ಲಿ ಟ್ರೈಲರ್ ಮುಂದೆ ಕಾರು ನಿಲ್ಲಿಸಿದೆ.
ಟೇಪಿನ ಆಚೆ ತುದಿ ಹಿಡಿದದ್ದು ಅವರ ಹಿರಿಮಗಳು,
ಗೋಡೆಗೆ ಒತ್ತಿ, ಉಸಿರು ಬಿಗಿಹಿಡಿದು.
ಹನ್ನೆರಡಡಿಗೆ ಅರವತ್ತು.
ಅಬ್ನರನ ಮನೆಯ ಎರಡೂವರೆ ಪಾಲು.

ನಮೂನೆ ತುಂಬುತ್ತಿದ್ದೇನೆ.
‘ಈ ಮನೆಯ ಮಹತ್ವದ ಕಾಲ: ಎಂದಿನಿಂದ, ಎಂದಿನವರೆಗೆ?’
ಮೊದಲ ಖಾನೆಗೆ ಇಸವಿ ಬರೆದೆ.
ಎರಡನೆಯದರ ಮೇಲೆ ಪೆನ್ನು
ಇನ್ನೂ ನಿಂತೇ ಇದೆ.